ಮನೆಯ ವರ್ಕ್‌ಶಾಪಿಗೆ ತ್ರಿಫೇಸ್ ಬ್ರೇಕರ್ ಆಯ್ಕೆ: ಮೋಟಾರಿನ ಫಲಕದಿಂದ ಅರ್ತಿಂಗ್ ಗುಂಡಿಯವರೆಗೆ

ಕಲಬುರಗಿಯ ನಮ್ಮ ಮನೆಯ ಹಿತ್ತಿಲಿನಲ್ಲಿರುವ ಪತ್ರಾಸಿನ ಶೆಡ್ಡಿನಲ್ಲಿ 3 ಎಚ್‌ಪಿ ಲೇತ್, 2 ಎಚ್‌ಪಿ ಪಿಲ್ಲರ್ ಡ್ರಿಲ್, 1 ಎಚ್‌ಪಿ ಗ್ರೈಂಡರ್, 5 ಎಚ್‌ಪಿ ಏರ್ ಕಂಪ್ರೆಸರ್ ಮತ್ತು ಒಂದು ತ್ರಿಫೇಸ್ ವೆಲ್ಡಿಂಗ್ ಸೆಟ್ ಇವೆ. ಹೆಚ್ಚಿನ ಕೆಲಸವೆಲ್ಲ ದಾಲ್ ಮಿಲ್ಲುಗಳ ಶಾಫ್ಟು, ಬುಶ್ಶು, ಪುಲ್ಲಿಗಳದ್ದು. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಕಂಪ್ರೆಸರಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಲೈನನ್ನು ಕಡಿಯುವ ಚಿಕ್ಕ ಬ್ರೇಕರು) ಮೇಲಿಂದ ಮೇಲೆ ಬೀಳತೊಡಗಿದಾಗ, ನೋಡಲು ಬಂದ ವೈರ್‌ಮನ್ ಒಬ್ಬರು "10ರದು ಸಣ್ಣದಾಗ್ತದ್ರಿ, 32ರದು ಒಂದು ಹಾಕಿಬಿಡ್ರಿ, ಚಿಂತಿ ಇರಂಗಿಲ್ಲ" ಎಂದರು. ನಾನು ಹಾಗೆಯೇ ಮಾಡಿದೆ. ಅಷ್ಟೇ ಅಲ್ಲದೆ, ಸ್ಟಾರ್ಟರಿನೊಳಗಿನ ಓವರ್‌ಲೋಡ್ ರಿಲೇಯ (ಹೊರೆ ಹೆಚ್ಚಾದರೆ ಮೋಟಾರನ್ನು ನಿಲ್ಲಿಸುವ ಭಾಗ) ಮುಳ್ಳನ್ನೂ ಕೊನೆಯ ಅಂಕಿಗೆ ತಿರುಗಿಸಿಟ್ಟೆ. ಎಂಸಿಬಿ ಬೀಳುವುದು ನಿಂತಿತು. ಮೂರನೆಯ ವಾರ ಮೋಟಾರಿನ ವೈಂಡಿಂಗ್ ಸುಟ್ಟುಹೋಯಿತು. ಬಿಚ್ಚಿ ನೋಡಿದಾಗ 2.5 ಚದರ ಮಿ.ಮೀ. ತಂತಿಯ ಕೆಂಪು ಹೊದಿಕೆ ಪೈಪಿನ ಬಾಯಿಯ ಬಳಿ ಕಂದು ಬಣ್ಣಕ್ಕೆ ತಿರುಗಿ, ಬೆರಳಿನಿಂದ ಬಾಗಿಸಿದರೆ ಒಣ ಸಿಪ್ಪೆಯಂತೆ ಬಿರಿಯುತ್ತಿತ್ತು. ಮೂಲ ದೋಷ ಎಂಸಿಬಿಯಲ್ಲಿರಲೇ ಇಲ್ಲ. ಕಂಪ್ರೆಸರಿನ ಅನ್‌ಲೋಡರ್ ವಾಲ್ವ್ ಸಿಕ್ಕಿಕೊಂಡು, ಟ್ಯಾಂಕಿನ ಒತ್ತಡದ ಎದುರಿಗೇ ಮೋಟಾರು ಹೊರಡಬೇಕಾಗಿತ್ತು; ಎಂಸಿಬಿ ಅದನ್ನೇ ಹೇಳುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ.

ಈ ಬರಹದಲ್ಲಿ ಹೇಳಲಿರುವುದು ಆ ನಂತರ ನಾನು ಇಡೀ ಬೋರ್ಡನ್ನು ಹೊಸದಾಗಿ ಲೆಕ್ಕ ಹಾಕಿದ ಕ್ರಮ. ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು: ಆಯ್ಕೆಯ ಲೆಕ್ಕವನ್ನು ಯಾರು ಬೇಕಾದರೂ ಕಲಿಯಬಹುದು, ಕಲಿಯಲೂಬೇಕು, ಆದರೆ 415 ವೋಲ್ಟಿನ ಜೋಡಣೆಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಅವರೆದುರು ಕುಳಿತು "ಇದೇ ಏಕೆ?" ಎಂದು ಕೇಳುವಷ್ಟು ತಿಳಿವಳಿಕೆ ನಿಮಗಿರಲಿ ಎಂಬುದು ಇಲ್ಲಿನ ಉದ್ದೇಶ.

ಮೊದಲನೆಯ ಹಂತ: ಫಲಕವನ್ನು ಓದಿ, ಬರೆದುಕೊಳ್ಳಿ

ಪ್ರತಿ ಮೋಟಾರಿನ ಮೇಲಿರುವ ಲೋಹದ ಫಲಕವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅಲ್ಲಿರುವುದನ್ನು ಇದ್ದ ಹಾಗೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ನನ್ನ ಲೇತಿನ ಫಲಕದಲ್ಲಿ ಹೀಗಿದೆ: 3 ಎಚ್‌ಪಿ, 2.2 ಕಿಲೋವ್ಯಾಟ್, 415 ವೋಲ್ಟ್, 4.7 ಆಂಪಿಯರ್, 1430 ಸುತ್ತು. ಇವುಗಳಲ್ಲಿ ನಮಗೆ ಬೇಕಾದ ಅಂಕಿ 4.7. ಇದು ಪೂರ್ಣ ಹೊರೆಯಲ್ಲಿ ಮೋಟಾರು ಪ್ರತಿ ಫೇಸಿನಿಂದ ಎಳೆಯುವ ಕರೆಂಟು.

ಫಲಕ ಅಳಿಸಿಹೋಗಿದ್ದರೆ ಲೆಕ್ಕ ಹಾಕಬಹುದು. ಎಚ್‌ಪಿಯನ್ನು 746ರಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ, ಅದನ್ನು 1.732, ವೋಲ್ಟೇಜು, ಪವರ್ ಫ್ಯಾಕ್ಟರು ಮತ್ತು ದಕ್ಷತೆ ಈ ನಾಲ್ಕರ ಗುಣಲಬ್ಧದಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಸಣ್ಣ ಮೋಟಾರುಗಳಿಗೆ ಕೊನೆಯ ಎರಡನ್ನೂ 0.8ರ ಆಸುಪಾಸಿನಲ್ಲಿ ಹಿಡಿದರೆ ಸಾಕು. ಇಷ್ಟೆಲ್ಲ ಮಾಡಿದ ಮೇಲೂ ಉತ್ತರ ಸುಮಾರಾಗಿ ಎಚ್‌ಪಿಗೆ ಒಂದೂವರೆ ಆಂಪಿಯರ್ ಎಂದೇ ಬರುತ್ತದೆ. ಹಳೆಯ ಮೋಟಾರು ರಿಪೇರಿಯವರು ಬಾಯಿಲೆಕ್ಕದಲ್ಲಿ ಹೇಳುವುದೂ ಇದನ್ನೇ. ಆ ಪ್ರಕಾರ 2 ಎಚ್‌ಪಿಗೆ ಮೂರು, 5 ಎಚ್‌ಪಿಗೆ ಏಳೂವರೆ ಆಂಪಿಯರ್ ಹತ್ತಿರ ಬರುತ್ತದೆ. ಒಮ್ಮೆ ವೈಂಡಿಂಗ್ ಮಾಡಿಸಿದ ಮೋಟಾರಾದರೆ ಫಲಕವನ್ನು ಪೂರ್ತಿ ನಂಬಬಾರದು. ಓಡುತ್ತಿರುವಾಗ ಟಾಂಗ್ ಟೆಸ್ಟರನ್ನು (ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರು) ಮೂರೂ ಫೇಸುಗಳಿಗೆ ಒಂದೊಂದಾಗಿ ಹಾಕಿ ನೋಡಬೇಕು.

ಇದರ ಜೊತೆಗೆ ಇನ್ನೊಂದು ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ನೇರವಾಗಿ ಲೈನಿಗೆ ಹಾಕಿದ ಮೋಟಾರು ಹೊರಡುವ ಕ್ಷಣದಲ್ಲಿ ಪೂರ್ಣ ಹೊರೆಯ ಆರರಿಂದ ಏಳು ಪಟ್ಟು ಕರೆಂಟನ್ನು ಎಳೆಯುತ್ತದೆ. 5 ಎಚ್‌ಪಿ ಕಂಪ್ರೆಸರಿನ ಮಟ್ಟಿಗೆ ಅದು 45ರಿಂದ 52 ಆಂಪಿಯರ್ ಆಗುತ್ತದೆ. ಹೊಸ ಹೆಚ್ಚು ದಕ್ಷತೆಯ ಮೋಟಾರುಗಳಲ್ಲಿ ಇದು ಇನ್ನೂ ಸ್ವಲ್ಪ ಹೆಚ್ಚಿರುತ್ತದೆ. ಮೋಟಾರನ್ನು ಮೆಲ್ಲಗೆ ಹೊರಡಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಲೈನಿನಿಂದ ಎಳೆಯುವ ಆರಂಭದ ಕರೆಂಟು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಎರಡನೆಯ ಹಂತ: ತಂತಿ ಮತ್ತು ಬ್ರೇಕರನ್ನು ಒಟ್ಟಿಗೇ ಆರಿಸಿ

ಎಂಸಿಬಿ ಇರುವುದು ತಂತಿಯನ್ನು ಕಾಯುವುದಕ್ಕೆ, ಮೋಟಾರನ್ನು ಕಾಯುವುದಕ್ಕಲ್ಲ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಉಳಿದ ಅರ್ಧ ಗೊಂದಲ ತಾನಾಗಿಯೇ ತಿಳಿಯಾಗುತ್ತದೆ. ನಿಯಮ ಇಷ್ಟೇ: ಯಂತ್ರದ ಕರೆಂಟಿಗಿಂತ ಬ್ರೇಕರಿನ ಅಂಕಿ ಕಡಿಮೆ ಇರಬಾರದು, ಬ್ರೇಕರಿನ ಅಂಕಿಗಿಂತ ತಂತಿ ಹೊರಬಲ್ಲ ಕರೆಂಟು ಕಡಿಮೆ ಇರಬಾರದು.

ತಂತಿ ಹೊರಬಲ್ಲದ್ದು ಎಷ್ಟು ಎಂಬುದು ಅದು ಇರುವ ಜಾಗದ ಮೇಲೆ ನಿಂತಿದೆ. ಗೋಡೆಯ ಮೇಲಿನ ಪೈಪಿನಲ್ಲಿ ಎಳೆದ ಪಿವಿಸಿ ಹೊದಿಕೆಯ ತಾಮ್ರದ ತಂತಿಗೆ, ಮೂರು ಫೇಸುಗಳ ಹೊರೆಯಲ್ಲಿ, 30 ಡಿಗ್ರಿ ಉಷ್ಣತೆಯಲ್ಲಿ 1.5 ಚದರ ಮಿ.ಮೀ.ಗೆ 15.5 ಆಂಪಿಯರ್, 2.5ಕ್ಕೆ 21, 4ಕ್ಕೆ 28, 6ಕ್ಕೆ 36, 10ಕ್ಕೆ 50 ಎಂದು ಅಂತರರಾಷ್ಟ್ರೀಯ ಕೋಷ್ಟಕಗಳು ಹೇಳುತ್ತವೆ. ಆದರೆ 30 ಡಿಗ್ರಿ ಎಂಬುದು ನಮ್ಮ ಊರಿನಲ್ಲಿ ಡಿಸೆಂಬರಿನ ಮಧ್ಯಾಹ್ನದ ಮಾತು. 45 ಡಿಗ್ರಿಗೆ ಈ ಎಲ್ಲ ಅಂಕಿಗಳನ್ನೂ 0.79ರಿಂದ, 50 ಡಿಗ್ರಿಗೆ 0.71ರಿಂದ ಗುಣಿಸಬೇಕು. ಹಾಗೆ ಮಾಡಿದಾಗ 45 ಡಿಗ್ರಿಯಲ್ಲಿ 2.5ರ ತಂತಿ 16.6 ಆಂಪಿಯರ್ ಮಾತ್ರ ಹೊರುತ್ತದೆ. 4ರದ್ದು 22, 6ರದ್ದು 28, 10ರದ್ದು 39.5. ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ನೆರಳಿನಲ್ಲೇ 42-43 ಡಿಗ್ರಿ ಇರುವಾಗ ಪತ್ರಾಸಿನ ಕೆಳಗೆ ಅಡ್ಡಪಟ್ಟಿಗೆ ಕಟ್ಟಿದ ಪೈಪಿನೊಳಗೆ 50 ದಾಟುವುದು ದೊಡ್ಡ ಮಾತಲ್ಲ. ಅಲ್ಲಿ 2.5ರ ತಂತಿ 14.9ಕ್ಕೆ ಇಳಿಯುತ್ತದೆ, ಅಂದರೆ 16 ಆಂಪಿಯರ್ ಎಂಸಿಬಿ ಅದನ್ನು ಕಾಯಲಾರದು. ಒಂದೇ ಪೈಪಿನಲ್ಲಿ ಎರಡು ಯಂತ್ರಗಳ ತಂತಿ ಎಳೆದಿದ್ದರೆ ಮತ್ತೆ 0.8ರಿಂದ ಗುಣಿಸಬೇಕು.

ಈ ಲೆಕ್ಕದ ಪ್ರಕಾರ ನಾನು ಇಟ್ಟುಕೊಂಡದ್ದು ಹೀಗೆ: ಲೇತು ಮತ್ತು ಡ್ರಿಲ್ಲಿಗೆ ತಲಾ ಒಂದು 10 ಆಂಪಿಯರ್ ಎಂಸಿಬಿ, 2.5ರ ತಂತಿ, ಗ್ರೈಂಡರಿಗೆ 6 ಆಂಪಿಯರ್, ಅದಕ್ಕೂ 2.5ರದ್ದೇ ತಂತಿ, ಕಂಪ್ರೆಸರಿಗೆ 16 ಆಂಪಿಯರ್, 4ರ ತಂತಿ, ವೆಲ್ಡಿಂಗಿಗೆ 20 ಆಂಪಿಯರ್, 4ರ ತಂತಿ. ಗ್ರೈಂಡರಿಗೆ 1.5 ಸಾಕಾಗುತ್ತಿತ್ತು, ಆದರೆ ಮುಂದೆ ಅದೇ ಜಾಗಕ್ಕೆ ದೊಡ್ಡ ಯಂತ್ರ ಬಂದರೆ ಪೈಪು ಬಿಚ್ಚುವುದು ಬೇಡವೆಂದು ಹಾಗೆ ಮಾಡಿದೆ. ವೆಲ್ಡಿಂಗಿನ 4ರ ತಂತಿಯನ್ನು ಮಾತ್ರ ಪತ್ರಾಸಿನ ಕೆಳಗೆ ಹಾಯಿಸದೆ, ತಂಪಾದ ಗೋಡೆಯ ಬುಡದಲ್ಲಿ ಬೇರೆ ಪೈಪಿನಲ್ಲಿ ಎಳೆಸಿದೆ. 22 ಮತ್ತು 20ರ ನಡುವಿನ ಅಂತರ ಅಷ್ಟು ಚಿಕ್ಕದು. ಇವೆಲ್ಲ ತಾಮ್ರದ ತಂತಿಯ ಅಂಕಿಗಳು. ಅಲ್ಯೂಮಿನಿಯಂ ತಂತಿಯನ್ನು ಶೆಡ್ಡಿನೊಳಗೆ ತರಲೇಬೇಡಿ.

ಬಿಸಿಲು ಎಂಸಿಬಿಯನ್ನೂ ಬಿಡುವುದಿಲ್ಲ

ಎಂಸಿಬಿಯೊಳಗೆ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದು, ಎರಡು ಲೋಹಗಳನ್ನು ಬೆಸೆದ ಪಟ್ಟಿ; ಕರೆಂಟು ಹೆಚ್ಚಾದಾಗ ಅದು ಕಾಯ್ದು ಬಾಗಿ ನಿಧಾನವಾಗಿ ಬೀಳಿಸುತ್ತದೆ. ಇನ್ನೊಂದು ಸುರುಳಿ, ಶಾರ್ಟ್ ಸರ್ಕ್ಯೂಟ್ ಆದಾಗ ಅದು ಕಾಂತವಾಗಿ ಕ್ಷಣಾರ್ಧದಲ್ಲಿ ಬೀಳಿಸುತ್ತದೆ. ಮನೆ ಬಳಕೆಯ ಎಂಸಿಬಿಗಳ ಪಟ್ಟಿಯನ್ನು 30 ಡಿಗ್ರಿ ಉಷ್ಣತೆಗೆ ಹೊಂದಿಸಿರುತ್ತಾರೆ. ಆ ಉಷ್ಣತೆಯಲ್ಲಿ ಅದು ತನ್ನ ಅಂಕಿಯ 1.13 ಪಟ್ಟನ್ನು ಒಂದು ಗಂಟೆ ತಾಳಬೇಕು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಬೇಕು. ಡಬ್ಬಿಯೊಳಗಿನ ಗಾಳಿಯೇ 50 ಡಿಗ್ರಿ ಇದ್ದರೆ ಪಟ್ಟಿ ಮೊದಲೇ ಅರ್ಧ ಬಾಗಿರುತ್ತದೆ, ಹೀಗಾಗಿ 10 ಆಂಪಿಯರಿನದು 9ರ ಹಾಗೆ ವರ್ತಿಸುತ್ತದೆ. ಅಕ್ಕಪಕ್ಕದಲ್ಲಿ ಒತ್ತೊತ್ತಾಗಿ ಕೂರಿಸಿದ, ಹೊರೆ ಹೊತ್ತ ಎಂಸಿಬಿಗಳಿದ್ದರೆ ಇನ್ನೂ ಕೆಳಗೆ. ನಿಖರ ಅಂಕಿ ತಯಾರಕರ ಕೈಪಿಡಿಯ ಕೋಷ್ಟಕದಲ್ಲಿರುತ್ತದೆ, ಅದನ್ನು ಅಂಗಡಿಯಲ್ಲಿ ಕೇಳಿ ಪಡೆಯಬೇಕು.

ನನ್ನ ಕಂಪ್ರೆಸರಿನ 10 ಆಂಪಿಯರ್ ಎಂಸಿಬಿ ಮಧ್ಯಾಹ್ನವೇ ಬೀಳುತ್ತಿದ್ದುದಕ್ಕೆ ಇದೂ ಒಂದು ಪಾಲು ಕಾರಣ. ಡಬ್ಬಿಯನ್ನು ಪಡುವಣ ಪತ್ರಾಸಿನ ಗೋಡೆಯಿಂದ ಕಿತ್ತು, ಮನೆಗೆ ಅಂಟಿದ ಉತ್ತರದ ಕಲ್ಲಿನ ಗೋಡೆಗೆ, ಎದೆಯೆತ್ತರಕ್ಕೆ ತಂದೆ. ಶಹಾಬಾದ್ ಕಲ್ಲಿನ ದಪ್ಪ ಗೋಡೆ ಮಧ್ಯಾಹ್ನ ಮೂರು ಗಂಟೆಗೂ ಕೈಗೆ ತಂಪಾಗಿರುತ್ತದೆ. ನೂರಾರು ರೂಪಾಯಿಯ ದೊಡ್ಡ ಬ್ರೇಕರ್ ಮಾಡದ ಕೆಲಸವನ್ನು ಆ ಗೋಡೆ ಪುಕ್ಕಟೆಯಾಗಿ ಮಾಡುತ್ತದೆ.

ಮೂರನೆಯ ಹಂತ: ಬಿ, ಸಿ, ಡಿ ಎಂಬ ಅಕ್ಷರ

ಎಂಸಿಬಿಯ ಮುಖದ ಮೇಲೆ ಅಂಕಿಯ ಮುಂಚೆ ಒಂದು ಅಕ್ಷರವಿರುತ್ತದೆ (ಸಿ16ರಲ್ಲಿ ಸಿ). ಸುರುಳಿ ಯಾವ ಕರೆಂಟಿಗೆ ತಟ್ಟನೆ ಬೀಳಿಸುತ್ತದೆ ಎಂಬುದನ್ನು ಅದು ಹೇಳುತ್ತದೆ. ಬಿ ಎಂದರೆ ಅಂಕಿಯ 3ರಿಂದ 5 ಪಟ್ಟು, ಸಿ ಎಂದರೆ 5ರಿಂದ 10 ಪಟ್ಟು, ಡಿ ಎಂದರೆ 10ರಿಂದ 20 ಪಟ್ಟು.

ಬಿ ವರ್ಗವನ್ನು ಮೋಟಾರಿಗೆ ಹಾಕಿದರೆ ಪ್ರತಿ ಸಲ ಸ್ಟಾರ್ಟ್ ಒತ್ತಿದಾಗಲೂ ಬೀಳಬಹುದು. ಕಂಪ್ರೆಸರಿಗೆ ಸಿ16 ಹಾಕಿದರೆ ಸುರುಳಿ 80 ಆಂಪಿಯರಿನ ಕೆಳಗೆ ಅಲುಗುವುದಿಲ್ಲ, ಆರಂಭದ 52 ಆಂಪಿಯರ್ ಅದರ ಕೆಳಗೇ ಹಾದುಹೋಗುತ್ತದೆ. ಲೇತಿನ ಆರಂಭದ 33 ಆಂಪಿಯರಿಗೆ ಸಿ10 ಧಾರಾಳವಾಯಿತು. ಮನೆಯ ವರ್ಕ್‌ಶಾಪಿನ ಬಹುತೇಕ ಯಂತ್ರಗಳಿಗೆ ಸಿ ವರ್ಗವೇ ಸರಿ.

ಡಿ ವರ್ಗವನ್ನು ಅಂಗಡಿಯವರು "ಖಡಕ್ ಮಾಲು" ಎಂದು ಕೊಡುವುದುಂಟು. ಇಲ್ಲಿ ಎಚ್ಚರ ಬೇಕು. ಡಿ20 ಖಾತ್ರಿಯಾಗಿ ತಟ್ಟನೆ ಬೀಳಬೇಕಾದರೆ 400 ಆಂಪಿಯರ್ ಶಾರ್ಟ್ ಕರೆಂಟು ಬರಬೇಕು. ನಗರದ ನಡುವೆ, ದೊಡ್ಡ ಟಿಸಿಯ (ಬೀದಿಯ ಟ್ರಾನ್ಸ್‌ಫಾರ್ಮರ್) ಮಗ್ಗುಲಲ್ಲಿ ಅದು ಬಂದೇ ಬರುತ್ತದೆ. ಆದರೆ ಆಳಂದ ಅಥವಾ ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ, 25 ಕೆವಿಎ ಟಿಸಿಯಿಂದ ಹಲವು ಕಂಬ ದಾಟಿ ಬಂದ ಲೈನಿನ ತುದಿಯಲ್ಲಿ ಶೆಡ್ಡು ಇದ್ದರೆ, ಶಾರ್ಟ್ ಆದಾಗ ಹರಿಯುವುದೇ 250 ಆಂಪಿಯರ್ ಇರಬಹುದು. ಆಗ ಸಿ20 ತಟ್ಟನೆ ಬೀಳುತ್ತದೆ, ಡಿ20 ಮಾತ್ರ ತನ್ನ ಪಟ್ಟಿ ಬಿಸಿಯಾಗುವವರೆಗೆ ಕಾದು ಕೂರಬಹುದು. ಆ ಸೆಕೆಂಡುಗಳಲ್ಲಿ ತಂತಿ ಕೆಂಡವಾಗುತ್ತದೆ. ಅಂದರೆ ಡಿ ಎಂಬುದು ಗಟ್ಟಿತನದ ಗುರುತಲ್ಲ, ತಾಳ್ಮೆಯ ಗುರುತು. ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ ವೆಲ್ಡಿಂಗ್ ಸೆಟ್ಟು ಆನ್ ಮಾಡಿದ ಕ್ಷಣದಲ್ಲಿ ಸಿ ವರ್ಗವನ್ನು ಬೀಳಿಸುತ್ತಿದ್ದರೆ, ಟಿಸಿ ಹತ್ತಿರವಿದ್ದರೆ, ಆಗ ಡಿ ಹಾಕುವುದಕ್ಕೆ ಅರ್ಥವಿದೆ. ಎರಡೇ ಫೇಸು ತೆಗೆದುಕೊಳ್ಳುವ ಸೆಟ್ಟಾದರೆ ಅದಕ್ಕೆ ಎರಡು ಪೋಲಿನ (ಎರಡು ತಂತಿಗಳನ್ನು ಒಟ್ಟಿಗೆ ಕಡಿಯುವ) ಎಂಸಿಬಿ ಸಾಕು.

ನಾಲ್ಕನೆಯ ಹಂತ: ಚೌಕದೊಳಗಿನ 6000 ಅಥವಾ 10000

ಎಂಸಿಬಿಯ ಮುಖದ ಮೇಲೆ ಒಂದು ಚೌಕದೊಳಗೆ 6000 ಅಥವಾ 10000 ಎಂದು ಬರೆದಿರುತ್ತದೆ. ಅಷ್ಟು ಆಂಪಿಯರಿನ ಶಾರ್ಟ್ ಕರೆಂಟನ್ನು ಅದು ಒಡೆಯದೆ ಕಡಿಯಬಲ್ಲದು ಎಂದು ಅರ್ಥ. ಎಷ್ಟು ಬೇಕು ಎಂಬುದನ್ನು ಟಿಸಿ ನೋಡಿ ಅಂದಾಜಿಸಬಹುದು. 100 ಕೆವಿಎ ಟಿಸಿಯ ಪೂರ್ಣ ಕರೆಂಟು 139 ಆಂಪಿಯರ್. ಅದರ ಇಂಪಿಡೆನ್ಸ್ (ಒಳಗಿನ ತಡೆ) ಶೇ. 4.5 ಎಂದು ಹಿಡಿದರೆ ಅದರ ಬಾಯಲ್ಲೇ ಶಾರ್ಟ್ ಆದರೂ ಬರುವುದು ಸುಮಾರು 3,100 ಆಂಪಿಯರ್. 250 ಕೆವಿಎ ಆದರೆ 7,700ರ ಹತ್ತಿರ. ತಂತಿಯ ಉದ್ದ ಹೆಚ್ಚಿದಂತೆ ಇದು ಬೇಗ ಇಳಿಯುತ್ತದೆ. ದೊಡ್ಡ ಟಿಸಿ ಮನೆಯ ಎದುರಿಗೇ ಇರುವವರು 10000 ಗುರುತಿನದನ್ನೇ ಕೊಳ್ಳಬೇಕು. ಉಳಿದವರೂ ಅದನ್ನೇ ಕೊಳ್ಳಲಿ ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಬೆಲೆಯ ವ್ಯತ್ಯಾಸ ಅಲ್ಪ. ಐಎಸ್‌ಐ ಗುರುತು ಇಲ್ಲದ್ದನ್ನು ಮುಟ್ಟಬೇಡಿ.

ಐದನೆಯ ಹಂತ: ಎಷ್ಟು ಪೋಲು?

ಮೂರು ಬಿಡಿ ಸಿಂಗಲ್ ಪೋಲ್ ಎಂಸಿಬಿಗಳನ್ನು ಸಾಲಾಗಿ ಕೂರಿಸಿ ಮೋಟಾರು ಓಡಿಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ, ಕಿಟ್‌ಕ್ಯಾಟ್ ಫ್ಯೂಸುಗಳ ಕಾಲದ ಪಳೆಯುಳಿಕೆಯಾಗಿ. ಒಂದು ಮಾತ್ರ ಬಿದ್ದರೆ ಮೋಟಾರು ಉಳಿದ ಎರಡು ಫೇಸಿನ ಮೇಲೆ ಗುಂಯ್‌ಗುಡುತ್ತ ಓಡುತ್ತಲೇ ಇರುತ್ತದೆ. ಆಗ ಆ ಎರಡರಲ್ಲಿ ಕರೆಂಟು ಸುಮಾರು ಒಂದೂಮುಕ್ಕಾಲು ಪಟ್ಟು ಏರುತ್ತದೆ. ಕಂಪ್ರೆಸರಿನ ಏಳೂವರೆ ಆಂಪಿಯರ್ 13 ಆಗುತ್ತದೆ. 16ರ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ, ವೈಂಡಿಂಗಿಗೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಮೂರೂ ಒಟ್ಟಿಗೆ ಬೀಳುವ ಟ್ರಿಪಲ್ ಪೋಲ್ ಎಂಸಿಬಿಯನ್ನೇ ಹಾಕಬೇಕು. ನ್ಯೂಟ್ರಲ್ ಬೇಕಾಗುವ ಯಂತ್ರಕ್ಕೆ ಮತ್ತು ಮೇನಿಗೆ (ಎಲ್ಲ ಕವಲುಗಳಿಗೂ ಮುಂಚಿನ ಮುಖ್ಯ ಬ್ರೇಕರು) ನಾಲ್ಕು ಪೋಲಿನದು. ನ್ಯೂಟ್ರಲ್ ತಂತಿಯೊಂದಕ್ಕೇ ಬಿಡಿ ಎಂಸಿಬಿ ಅಥವಾ ಫ್ಯೂಸು ಎಂದಿಗೂ ಬೇಡ. ಫೇಸುಗಳು ಇರುವಾಗ ನ್ಯೂಟ್ರಲ್ ಮಾತ್ರ ಕಡಿದರೆ ಶೆಡ್ಡಿನ ಬಲ್ಬು, ಫ್ಯಾನು, ಚಾರ್ಜರುಗಳ ಮೇಲೆ 415ರವರೆಗೆ ವೋಲ್ಟೇಜು ಏರಿ ಎಲ್ಲವೂ ಒಟ್ಟಿಗೆ ಹೊಗೆಯಾಡುತ್ತವೆ.

ಆರನೆಯ ಹಂತ: ಮೋಟಾರಿಗೆ ಅದರದೇ ಕಾವಲು

ಎಂಸಿಬಿ ತಂತಿಯನ್ನು ಕಾಯುತ್ತದೆ ಎಂದ ಮೇಲೆ ಮೋಟಾರನ್ನು ಯಾರು ಕಾಯಬೇಕು? ಎರಡು ದಾರಿಗಳಿವೆ. ಒಂದು, ಹಸಿರು-ಕೆಂಪು ಗುಂಡಿಯ ಸ್ಟಾರ್ಟರು. ಅದರೊಳಗೆ ಕಾಂಟ್ಯಾಕ್ಟರು ಮತ್ತು ಓವರ್‌ಲೋಡ್ ರಿಲೇ ಇರುತ್ತವೆ. ಇನ್ನೊಂದು ಎಂಪಿಸಿಬಿ, ಅಂದರೆ ಮೋಟಾರಿಗೆಂದೇ ಮಾಡಿದ ಬ್ರೇಕರು. ಅದರ ಮೇಲೆ ತಿರುಗಿಸುವ ಚಿಕ್ಕ ಡಯಲ್ ಇರುತ್ತದೆ, 2.5ರಿಂದ 4, 4ರಿಂದ 6.3, 6ರಿಂದ 10 ಆಂಪಿಯರ್ ಹೀಗೆ ವ್ಯಾಪ್ತಿಗಳಲ್ಲಿ ಸಿಗುತ್ತದೆ. ಲೇತಿಗೆ 4-6.3ರದನ್ನು ಕೊಂಡು ಸಣ್ಣ ಸ್ಕ್ರೂಡ್ರೈವರಿನಿಂದ ಡಯಲನ್ನು 4.7ಕ್ಕೆ ನಿಲ್ಲಿಸಬೇಕು, ಕಂಪ್ರೆಸರಿಗೆ 6-10ರದನ್ನು ಏಳೂವರೆಗೆ. ಒಂದು ಫೇಸು ಹೋದರೂ ಅದಕ್ಕೆ ತಿಳಿಯುತ್ತದೆ. ಡಯಲನ್ನು ಫಲಕದ ಅಂಕಿಗಿಂತ ಮೇಲೆ ತಿರುಗಿಸುವ ಆಸೆ ಬಂದಾಗ ನನ್ನ ಸುಟ್ಟ ವೈಂಡಿಂಗನ್ನು ನೆನೆಯಿರಿ.

ಎಂಪಿಸಿಬಿ ಒಂದೇ ಸಾಕೇ? ಸಾಲದು, ಮತ್ತು ಇದು ಅನೇಕರು ಗಮನಿಸದ ಸಂಗತಿ. ಕರೆಂಟು ಹೋದಾಗ ಎಂಪಿಸಿಬಿ ಆನ್ ಆಗಿಯೇ ಉಳಿಯುತ್ತದೆ. ನೀವು ಚಕ್ಕಿನ ಕೀ ಹಾಕಿ ಕೆಲಸದ ತುಂಡನ್ನು ತಿರುಗಿಸುತ್ತಿರುವಾಗ ಕರೆಂಟು ಬಂದರೆ ಲೇತು ತಾನಾಗಿ ಹೊರಡುತ್ತದೆ. ಕಾಂಟ್ಯಾಕ್ಟರು ಇದ್ದರೆ ಕರೆಂಟು ಹೋದ ಕ್ಷಣವೇ ಅದು ಬಿಟ್ಟುಕೊಂಡು, ಹಸಿರು ಗುಂಡಿ ಒತ್ತುವವರೆಗೆ ಮತ್ತೆ ಹಿಡಿಯುವುದಿಲ್ಲ. ಆದ್ದರಿಂದ ಲೇತು, ಡ್ರಿಲ್ಲು, ಗ್ರೈಂಡರು ಮೂರಕ್ಕೂ ಕಾಂಟ್ಯಾಕ್ಟರ್ ಇರುವ ಸ್ಟಾರ್ಟರೇ ಬೇಕು. ಲೈನ್ ರಿಪೇರಿಯ ನಂತರ ಫೇಸುಗಳ ಕ್ರಮ ಅದಲು ಬದಲಾಗಿ ಮೋಟಾರು ಹಿಮ್ಮುಖವಾಗಿ ತಿರುಗುವುದೂ ಉಂಟು; ಫೇಸ್ ಕ್ರಮ ಮತ್ತು ಫೇಸ್ ಕೊರತೆ ಎರಡನ್ನೂ ನೋಡುವ ಒಂದು ರಿಲೇಯನ್ನು ಕಾಂಟ್ಯಾಕ್ಟರಿನ ಕಾಯಿಲ್ ದಾರಿಯಲ್ಲಿ ಸೇರಿಸಿದರೆ ಈ ಎರಡು ತೊಂದರೆಗಳೂ ತೀರುತ್ತವೆ. ಕಡಿಮೆ ವೋಲ್ಟೇಜಿನ ವಿಷಯವೂ ಇದರೊಡನೆ ಬರುತ್ತದೆ: 415ರ ಬದಲು 360 ವೋಲ್ಟ್ ಇದ್ದರೆ ಮೋಟಾರಿನ ಆರಂಭದ ತಿರುಚುಬಲ ಮುಕ್ಕಾಲಿಗೆ ಇಳಿಯುತ್ತದೆ, ಹೊರಡಲು ಹೆಚ್ಚು ಸೆಕೆಂಡು ಹಿಡಿಯುತ್ತದೆ, ಆಗ ಬ್ರೇಕರ್ ಬಿದ್ದರೆ ಅದರ ತಪ್ಪಲ್ಲ.

ಏಳನೆಯ ಹಂತ: ಎರೆಮಣ್ಣು, ಅರ್ತಿಂಗ್ ಮತ್ತು ಆರ್‌ಸಿಸಿಬಿ

ಎಲ್ಲಕ್ಕಿಂತ ಹೆಚ್ಚು ಜಾಗ ಕೊಡಬೇಕಾದ ವಿಷಯ ಇದು, ಏಕೆಂದರೆ ಉಳಿದವು ಸ್ವತ್ತನ್ನು ಕಾಯುತ್ತವೆ, ಇದು ಜೀವವನ್ನು ಕಾಯುತ್ತದೆ.

ಕಂಬದಿಂದ ನಮಗೆ ಬರುವುದು ಮೂರು ಫೇಸು ಮತ್ತು ಒಂದು ನ್ಯೂಟ್ರಲ್, ಒಟ್ಟು ನಾಲ್ಕು ತಂತಿ. ಅರ್ತಿಂಗ್ ನಮ್ಮ ಅಂಗಳದ ಗುಂಡಿ. ಕಂಪ್ರೆಸರಿನ ಒಳಗೆ ಫೇಸ್ ತಂತಿಯೊಂದು ಸವೆದು ಎರಕದ ಮೈಗೆ ತಾಗಿತು ಎಂದುಕೊಳ್ಳಿ. ಕರೆಂಟು ಕಂಪ್ರೆಸರಿನ ಮೈಯಿಂದ ನಮ್ಮ ಗುಂಡಿಗೆ ಇಳಿದು, ಮಣ್ಣಿನ ಮೂಲಕ ಟಿಸಿಯ ಗುಂಡಿಗೆ ಮರಳಬೇಕು. ನಮ್ಮ ಗುಂಡಿಯ ಪ್ರತಿರೋಧ 5 ಓಮ್, ಟಿಸಿಯದು 3 ಓಮ್ ಎಂದು ಹಿಡಿಯೋಣ. 240 ವೋಲ್ಟನ್ನು 8ರಿಂದ ಭಾಗಿಸಿದರೆ 30 ಆಂಪಿಯರ್. ಇದು ಸಿ16 ಎಂಸಿಬಿಯ ಸುರುಳಿಗೆ ಏನೂ ಅಲ್ಲ, ಅದಕ್ಕೆ ಕನಿಷ್ಠ 80 ಬೇಕು. ಪಟ್ಟಿಯಾದರೂ ಕಾಯ್ದು ಬೀಳಿಸಲಿ ಎಂದರೆ, ಎರಡು ಪಟ್ಟಿಗೂ ಕಡಿಮೆ ಇರುವ ಈ ಕರೆಂಟಿಗೆ ಅದು ನಿಮಿಷಗಳನ್ನೇ ತೆಗೆದುಕೊಳ್ಳಬಹುದು. ಅಷ್ಟೂ ಹೊತ್ತು ಕಂಪ್ರೆಸರಿನ ಮೈಮೇಲೆ 30 ಗುಣಿಸು 5, ಅಂದರೆ 150 ವೋಲ್ಟ್ ಇರುತ್ತದೆ. "ಅರ್ತಿಂಗ್ ಪಕ್ಕಾ ಇದೆ, ಎಂಸಿಬಿಯೂ ಇದೆ, ಇನ್ನೇನು?" ಎನ್ನುವವರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಬೇಕು.

5 ಓಮ್ ಎಂಬುದೂ ನಮ್ಮ ಮಣ್ಣಿನಲ್ಲಿ ವರ್ಷವಿಡೀ ನಿಲ್ಲುವ ಅಂಕಿಯಲ್ಲ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಪೈಪನ್ನು ಬಿಗಿಯಾಗಿ ಅಪ್ಪುತ್ತದೆ, ಒಳ್ಳೆಯ ಅರ್ತಿಂಗ್ ಕೊಡುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಅಂಗೈ ಹೋಗುವಷ್ಟು ಬಿರುಕು ಬಿಟ್ಟು ಪೈಪಿನಿಂದ ಸರಿದು ನಿಲ್ಲುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸ್ವಲ್ಪ ಅಗೆಯುವಷ್ಟರಲ್ಲಿ ಪದರ ಪದರವಾದ ಸುಣ್ಣಕಲ್ಲು ಎದುರಾಗುತ್ತದೆ. ಬೀದರಿನಲ್ಲಿ ಜಂಬಿಟ್ಟಿಗೆ ಕಲ್ಲು. ಪೈಪ್ ಅರ್ತಿಂಗಿಗೆ ಕನಿಷ್ಠ ಎರಡೂವರೆ ಮೀಟರ್ ಉದ್ದದ ಜಿಐ ಪೈಪು ಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಕಲ್ಲು ಸಿಕ್ಕಿತೆಂದು ಅರ್ಧಕ್ಕೇ ಕತ್ತರಿಸಿ ಹೂಳಿದ ಪೈಪುಗಳನ್ನು ನಾನೇ ನೋಡಿದ್ದೇನೆ. ಅಂಥಲ್ಲಿ ಒಂದರ ಬದಲು ಎರಡು ಗುಂಡಿ ತೋಡಿ, ಪೈಪಿನ ಉದ್ದಕ್ಕಿಂತ ಕಡಿಮೆಯಿಲ್ಲದ ಅಂತರದಲ್ಲಿಟ್ಟು ಜೋಡಿಸುವುದು ಲೇಸು. ಮೋಟಾರಿನ ಮೈಗೆ ಎರಡು ಪ್ರತ್ಯೇಕ ಅರ್ತಿಂಗ್ ತಂತಿ ಇರಬೇಕೆಂಬುದು ನಿಯಮವೂ ಹೌದು.

ಈ ಎಲ್ಲ ಅನಿಶ್ಚಿತತೆಗೆ ಉತ್ತರ ಆರ್‌ಸಿಸಿಬಿ. ಹೋದ ಕರೆಂಟು ಮತ್ತು ಮರಳಿ ಬಂದ ಕರೆಂಟು ಸಮವಾಗಿವೆಯೇ ಎಂದು ಅದು ಸದಾ ತೂಗುತ್ತಿರುತ್ತದೆ. 30 ಮಿಲಿಆಂಪಿಯರಿನದಾದರೆ ಅಷ್ಟು ಸೋರಿಕೆಗೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟಿಗೆ 0.04 ಸೆಕೆಂಡಿನೊಳಗೆ ಬೀಳಬೇಕು. ಮೇಲಿನ ಉದಾಹರಣೆಯ 30 ಆಂಪಿಯರ್ ಅದಕ್ಕೆ ಸಾವಿರ ಪಟ್ಟು. ಬೇಸಿಗೆಯಲ್ಲಿ ಅರ್ತಿಂಗ್ 50 ಓಮಿಗೆ ಏರಿದರೂ ಅದರ ಕೆಲಸಕ್ಕೆ ಕುಂದಿಲ್ಲ. ಕೈಯಲ್ಲಿ ಹಿಡಿದು ಬಳಸುವ ಆಂಗಲ್ ಗ್ರೈಂಡರ್, ಕೈ ಡ್ರಿಲ್ಲುಗಳ ಸಾಕೆಟ್ಟುಗಳಿಗೆ 30 ಮಿಲಿಆಂಪಿಯರಿನದು ಕಡ್ಡಾಯ ಎಂದೇ ತಿಳಿಯಿರಿ. ನೆಲಕ್ಕೆ ಬೋಲ್ಟ್ ಮಾಡಿದ ಮೋಟಾರುಗಳಿಗೆ, ಅವುಗಳ ಸಹಜ ಸೋರಿಕೆಯಿಂದ ಪದೇ ಪದೇ ಬೀಳದಿರಲೆಂದು, 100 ಮಿಲಿಆಂಪಿಯರಿನ ನಾಲ್ಕು ಪೋಲಿನದು ಒಂದು ಸಾಕು. ಎರಡನ್ನೂ ಮೇನಿನಿಂದ ಪಕ್ಕಪಕ್ಕದ ಕವಲುಗಳಾಗಿ ಹಾಕಿದರೆ ಒಂದು ಬಿದ್ದಾಗ ಇನ್ನೊಂದರ ಕೆಲಸ ನಿಲ್ಲುವುದಿಲ್ಲ. ಲೇತಿಗೆ ವೇಗ ಬದಲಿಸುವ ವಿಎಫ್‌ಡಿ ಕೂರಿಸಿದ್ದರೆ ಸಾಮಾನ್ಯ ಎಸಿ ಮಾದರಿಯ ಆರ್‌ಸಿಸಿಬಿ ಸಾಲದು. ತ್ರಿಫೇಸ್ ಡ್ರೈವಿಗೆ ಬಿ ಮಾದರಿಯದು ಬೇಕಾಗುತ್ತದೆ. ಎಂಸಿಬಿಯ ಬಿ ವರ್ಗಕ್ಕೂ ಇದಕ್ಕೂ ಸಂಬಂಧವಿಲ್ಲ, ಅಕ್ಷರ ಮಾತ್ರ ಒಂದೇ.

ಆರ್‌ಸಿಸಿಬಿ ಓವರ್‌ಲೋಡನ್ನಾಗಲಿ ಶಾರ್ಟನ್ನಾಗಲಿ ನೋಡುವುದಿಲ್ಲ, ಆದ್ದರಿಂದ ಅದರ ಹಿಂದೆ ಎಂಸಿಬಿ ಇರಲೇಬೇಕು. ಮೇನ್ 25 ಇದ್ದರೆ ಆರ್‌ಸಿಸಿಬಿ 40 ಆಂಪಿಯರಿನದಿರಲಿ. ಅದರ ನಂತರ ಎಲ್ಲಿಯೂ ನ್ಯೂಟ್ರಲ್ ಮತ್ತು ಅರ್ತಿಂಗ್ ಕೂಡಬಾರದು. ಹೊಸ ಆರ್‌ಸಿಸಿಬಿ ಆನ್ ಆಗಿ ನಿಲ್ಲುವುದೇ ಇಲ್ಲ ಎಂಬ ದೂರುಗಳಲ್ಲಿ ಬಹುಪಾಲಿಗೆ ಕಾರಣ, ಯಾರೋ ಎಲ್ಲೋ ಸಾಕೆಟ್ಟಿನಲ್ಲಿ ಇವೆರಡನ್ನು ತಿರುಚಿ ಸೇರಿಸಿರುವುದು. ಮೂರು ಫೇಸಿನ ಮೋಟಾರಿಗೆ ನ್ಯೂಟ್ರಲ್ ಬೇಡವಾದರೂ ಆರ್‌ಸಿಸಿಬಿಯ ಮೇಲಿನ ಬದಿಗೆ ನ್ಯೂಟ್ರಲ್ ಕೊಡಬೇಕಾಗಬಹುದು. ಇಲ್ಲದಿದ್ದರೆ ಅನೇಕ ಮಾದರಿಗಳಲ್ಲಿ ಟೆಸ್ಟ್ ಗುಂಡಿ ಕೆಲಸ ಮಾಡುವುದಿಲ್ಲ.

ಎಂಟನೆಯ ಹಂತ: ಮೇನು

ನನ್ನ ಯಂತ್ರಗಳೆಲ್ಲ ಸೇರಿ 11 ಎಚ್‌ಪಿ, ಸುಮಾರು 16 ಆಂಪಿಯರ್. ವೆಲ್ಡಿಂಗ್ ಸೆಟ್ಟಿನ ಫಲಕದಲ್ಲಿ 12. ಕೆಲಸ ಮಾಡುವವನು ನಾನೊಬ್ಬನೇ ಆದ್ದರಿಂದ ಒಂದೇ ಸಲಕ್ಕೆ ಹೆಚ್ಚೆಂದರೆ ಕಂಪ್ರೆಸರು ಮತ್ತು ವೆಲ್ಡಿಂಗ್, ಅಂದರೆ 20ರೊಳಗೆ. ಅದಕ್ಕೆ ಸಿ25 ನಾಲ್ಕು ಪೋಲಿನ ಮೇನು, 6 ಚದರ ಮಿ.ಮೀ. ತಂತಿ. 32 ಹಾಕುವ ಮನಸ್ಸಾದರೆ ತಂತಿ 10ಕ್ಕೆ ಏರಬೇಕು, ಏಕೆಂದರೆ 45 ಡಿಗ್ರಿಯಲ್ಲಿ 6ರದ್ದು 28ಕ್ಕಿಂತ ಹೆಚ್ಚು ಹೊರದು. ದೊಡ್ಡ ಶಾರ್ಟ್ ಆದಾಗ ಕವಲಿನ ಸಿ16ರ ಜೊತೆಗೆ ಮೇನೂ ಬೀಳಬಹುದು. ಅದು ದೋಷವಲ್ಲ, ಮನೆಯ ವರ್ಕ್‌ಶಾಪಿನಲ್ಲಿ ಸಹಿಸಬಹುದಾದ ಅನಾನುಕೂಲ.

ಮೇನಿನ ಅಂಕಿ ಏನೇ ಇರಲಿ, ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂ ಮಂಜೂರು ಮಾಡಿದ ಲೋಡನ್ನು ಮೀರುವಂತಿಲ್ಲ. ಮನೆಯದು ಸಿಂಗಲ್ ಫೇಸ್ ಆಗಿದ್ದರೆ ತ್ರಿಫೇಸಿಗೆ ಮತ್ತು ಹೆಚ್ಚಿನ ಲೋಡಿಗೆ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಹವ್ಯಾಸದ ಕೆಲಸವೋ, ಹಣಕ್ಕೆ ಮಾಡುವ ಕೆಲಸವೋ ಎಂಬುದನ್ನು ಅಲ್ಲಿಯೇ ಹೇಳಿಬಿಡಿ; ಗೃಹಬಳಕೆಯ ದರಕ್ಕೂ ಕೈಗಾರಿಕೆಯ ದರಕ್ಕೂ ವರ್ಗ ಬೇರೆ.

ಕೂರಿಸುವಾಗ ಮತ್ತು ಆನಂತರ

ಬಹುಎಳೆಯ ತಂತಿಯ ತುದಿಗೆ ಪಿನ್ ಲಗ್ಗು ಹಾಕಿ ಒತ್ತಿಸಿಯೇ ಎಂಸಿಬಿಯ ಬಾಯಿಗೆ ತೂರಿಸಬೇಕು. ಬಿಡಿ ಎಳೆಗಳನ್ನು ನೇರ ತೂರಿಸಿ ಬಿಗಿದರೆ ಅರ್ಧ ಎಳೆಗಳು ಮಗ್ಗುಲಿಗೆ ಸರಿದು, ಉಳಿದವು ಬಿಸಿಯಾಗುತ್ತವೆ. ಕೆಂಪು, ಹಳದಿ, ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಅರ್ತಿಂಗಿಗೆ. ಬಣ್ಣ ಸಿಗಲಿಲ್ಲವೆಂದು ಹಸಿರನ್ನು ಫೇಸಿಗೆ ಬಳಸುವವರನ್ನು ಅಂದೇ ಮನೆಗೆ ಕಳುಹಿಸಿ. ಪ್ರತಿ ಎಂಸಿಬಿಯ ಕೆಳಗೆ ಯಂತ್ರದ ಹೆಸರು, ತಂತಿಯ ಅಳತೆ ಎರಡನ್ನೂ ಕನ್ನಡದಲ್ಲೇ ಬರೆದು ಅಂಟಿಸಿ. "ಕಂಪ್ರೆಸರ್, 4 ಚ.ಮಿ.ಮೀ., 16ಕ್ಕಿಂತ ಮೇಲೆ ಬೇಡ" ಎಂದು ನನ್ನ ಬೋರ್ಡಿನಲ್ಲಿದೆ.

ಕರೆಂಟು ಕೊಡುವ ಮೊದಲು ಮೆಗ್ಗರಿನಿಂದ (ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಮೀಟರು) ಪ್ರತಿ ತಂತಿ ಮತ್ತು ಅರ್ತಿಂಗ್ ನಡುವಿನ ಇನ್ಸುಲೇಶನ್ ನೋಡಿಸಬೇಕು, 500 ವೋಲ್ಟಿನಲ್ಲಿ ಒಂದು ಮೆಗಾಓಮಿಗಿಂತ ಕಡಿಮೆ ಬರಬಾರದು. ವಿಎಫ್‌ಡಿ ಇದ್ದರೆ ಆ ಹೊತ್ತಿಗೆ ಅದನ್ನು ಬಿಚ್ಚಿಡಬೇಕು. ನಂತರ ಯಂತ್ರಗಳನ್ನು ಒಂದೊಂದಾಗಿ ಓಡಿಸಿ, ಟಾಂಗ್ ಟೆಸ್ಟರಿನಲ್ಲಿ ಮೂರು ಫೇಸಿನ ಕರೆಂಟನ್ನು ಫಲಕದ ಅಂಕಿಯ ಪಕ್ಕದಲ್ಲೇ ಬರೆದಿಡಿ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಬೇಕು. ನಾನು ಅಮಾವಾಸ್ಯೆಯ ದಿನ ಯಂತ್ರಗಳಿಗೆ ಪೂಜೆ ಮಾಡುವಾಗಲೇ ಇದನ್ನೂ ಮಾಡುತ್ತೇನೆ, ಹೀಗಾಗಿ ಮರೆಯುವುದಿಲ್ಲ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ವಾರಕ್ಕೆರಡು ಕೊಡ ನೀರು. ಮೃಗಶಿರಾ ಮಳೆಗೆ ಮೊದಲು ಮೇನನ್ನು ಇಳಿಸಿ, ಟೆಸ್ಟರಿನಿಂದ ಕರೆಂಟು ಇಲ್ಲವೆಂದು ಖಚಿತಪಡಿಸಿಕೊಂಡು, ವೈರ್‌ಮನ್ನರ ಕೈಯಲ್ಲಿ ಎಲ್ಲ ಸ್ಕ್ರೂಗಳನ್ನೂ ಒಮ್ಮೆ ಬಿಗಿ ಮಾಡಿಸಬೇಕು. ಮೀಟರಿನಿಂದ ಮೇನಿಗೆ ಬರುವ ತಂತಿಗಳಲ್ಲಿ ಆಗಲೂ ಕರೆಂಟು ಇರುತ್ತದೆ, ಅವನ್ನು ಬಿಗಿಮಾಡಬೇಕಾದರೆ ಮೀಟರಿನ ಬಳಿಯ ಕಟೌಟ್ (ಫ್ಯೂಸು) ತೆಗೆದ ಮೇಲೆಯೇ.